ಕತ್ತರಿ ಬಿದ್ದು ಹರಿಯದೆ ಉಳಿದ ಥಾನು

ನಮ್ಮ ಜವಳಿ ಅಂಗಡಿಯಲ್ಲಿ ವರ್ಷದಲ್ಲಿ ಹದಿನೈದು ದಿನ, ಬದುಕಿರುವವರಿಗೆ ಬಟ್ಟೆ ಮಾರುತ್ತಿರಲಿಲ್ಲ. ಮಳವಳ್ಳಿ ಪೇಟೆಗೆಲ್ಲ ಗೊತ್ತಿದ್ದ ಮಾತು ಇದು. ಮಾರ್ನಮಿಗೆ ಮುಂಚಿನ ಪಕ್ಷದಲ್ಲಿ, ಹುಣ್ಣಿಮೆಯ ಮರುದಿನದಿಂದ ಅಮಾವಾಸ್ಯೆಯವರೆಗೆ, ಸತ್ತವರಿಗೆ ಮಾತ್ರ ವ್ಯಾಪಾರ.

ನಮ್ಮ ಕಡೆ ಪಕ್ಷದಲ್ಲಿ ಮನೆಮನೆಯಲ್ಲೂ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಏನು ತಿನ್ನುತ್ತಿದ್ದರೋ ಅದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಪಂಚೆಯೋ ಸೀರೆಯೋ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ, ಬಾಗಿಲು ತಟ್ಟಿ, ಆಮೇಲೆ ಒಳಗೆ ಹೋಗಬೇಕು. ಆ ಪಂಚೆ ಸೀರೆಗಳನ್ನು ನಾವು ಕೊಡುತ್ತಿದ್ದೆವು.

ಅದಕ್ಕೆ ನಮ್ಮ ಅತ್ತೆ ಪಾಲಿಸುತ್ತಿದ್ದ ಕಟ್ಟಳೆಗಳಿದ್ದವು. ಗಿರಾಕಿ ಹೊಸಿಲಾಚೆ ನಿಲ್ಲಬೇಕು. ಅತ್ತೆ "ಯಾರ್ಗೆ?" ಅಂತ ಕೇಳಬೇಕು. ಗಿರಾಕಿ ಸತ್ತವರ ಸಂಬಂಧ ಹೇಳಬೇಕು. ಚೌಕಾಸಿ ಇಲ್ಲ. ಅಳತೆಯಂತೂ ಇಲ್ಲವೇ ಇಲ್ಲ, ಏಕೆಂದರೆ ಸತ್ತವರಿಗೆ ಅಳೆಯುವುದು ಒಂದೇ ಸಲ, ಹೆಣದ ಮೇಲೆ ಹೊದಿಸುವಾಗ. ಹಾಗಾಗಿ ಹುಣ್ಣಿಮೆ ಸಂಜೆಯೇ ಬಟ್ಟೆ ಅಳೆಯುವ ಕಬ್ಬಿಣದ ಗಜಕ್ಕೆ ಬಿಳಿ ದಾರ ಸುತ್ತಿ ಗಾದಿಯ ಹಿಂದಿನ ಮೊಳೆಗೆ ತೂಗುಹಾಕುತ್ತಿದ್ದರು. ಅಮಾವಾಸ್ಯೆ ಕಳೆಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಗಜದ ಸದ್ದಿಲ್ಲದ ಜವಳಿ ಅಂಗಡಿ ಎಂದರೆ ಮಾತು ನಿಂತ ಮನೆಯ ಹಾಗೆ. ಜನ ಬರುತ್ತಿದ್ದರು, ಪಿಸುಗುಟ್ಟುತ್ತಿದ್ದರು, ಹೋಗುತ್ತಿದ್ದರು.

ನಾನು ಬೆಸಗರಹಳ್ಳಿ ಕಡೆಯ ಬೇಸಾಯದ ಮನೆಯವಳು. ಮದುವೆಯಾಗಿ ಬಂದ ಮೊದಲ ಪಕ್ಷದಲ್ಲೇ ಒಬ್ಬ ಗಂಡಸು ಎರಡನೇ ಹೆಂಡತಿಯನ್ನು ಕರೆದುಕೊಂಡು ಬಂದು, ಬಾವಿಗೆ ಬಿದ್ದು ಸತ್ತ ಮೊದಲನೆಯವಳಿಗೆ ಸೀರೆ ಕೇಳಿದ. ಅತ್ತೆ ಕೆಂಪಂಚಿನದು ತೆಗೆದರು. ಎರಡನೆಯವಳು, "ಅದು ಬ್ಯಾಡ ಕಣವ್ವ, ಅವ್ಳು ಹಸ್ರನ್ನೇ ಉಡೋದು" ಅಂದಳು.

"ನೀನ್ ಅವ್ಳ್ನ ನೋಡೇ ಇಲ್ವಲ್ಲೇ" ಅಂದ ಗಂಡ.

"ದಿನಾ ನೋಡ್ತಾವ್ನಿ. ನೀರ್ ಸೇದಕ್ಕೋದ್ರೆ ನಿಂತಿರ್ತಾಳೆ."

ಅತ್ತೆ ಏನೂ ಕೇಳದೆ ಹಸಿರು ಸೀರೆ ಕೊಟ್ಟರು. ಉಪ್ಪು ಎಣ್ಣೆ ಕೊಂಡ ಹಾಗೆ ಕೊಂಡು ಹೋದರು ಅವರು. ಅಂಥ ಅಂಗಡಿ ಅದು.

ಈ ಕಟ್ಟಳೆ ಮಾವನ ಅಪ್ಪನ ಕಾಲದಿಂದ ಇತ್ತಂತೆ. ಮಾವನನ್ನು ನಾನು ನೋಡಿಲ್ಲ. ನಾನು ಬರುವ ಎರಡು ವರ್ಷ ಮುಂಚೆ, ಪಕ್ಷದಲ್ಲೇ ಒಂದು ಮಧ್ಯಾಹ್ನ ಯಾರೋ ಗಿರಾಕಿ ಬಂದು ಮದುವೆಗೆಂದು ಬಟ್ಟೆ ಕೇಳಿದನಂತೆ. ಅತ್ತೆ ಬೇಡ ಅಂದರು. "ಬಂದ ಗಿರಾಕಿನ ಬರಿಗೈಲಿ ಕಳ್ಸಾಕ್ ಆಯ್ತದಾ" ಅಂದು ಮಾವ ಗಜದ ದಾರ ಬಿಚ್ಚಿ, ಹೂವಿನ ಅಚ್ಚೊತ್ತಿದ ಚೀಟಿ ಬಟ್ಟೆಯ ಹೊಸ ಥಾನನ್ನು ಹಲಗೆಯ ಮೇಲೆ ಉರುಳಿಸಿದರು. ಸುರುಳಿ ಬಿಚ್ಚಿ ಅಳೆದರು. ನಮ್ಮಲ್ಲಿ ಮೊದಲ ಗಜಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು, ನಾಕು. ಅಂಚಿಗೆ ಕತ್ತರಿಯಲ್ಲಿ ಒಂದು ಕಚ್ಚು ಹಾಕಿದರು. ಕಚ್ಚು ಹಾಕಿದ ಮೇಲೆ ಎರಡು ಕೈಯಲ್ಲಿ ಹಿಡಿದು ಪರ್ರೆಂದು ಹರಿಯುವುದು ಜವಳಿಯವರ ರೂಢಿ. ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡೇ ಮುಂದಕ್ಕೆ ಬಾಗಿದರಂತೆ. ಮತ್ತೆ ಏಳಲಿಲ್ಲ. ಗಿರಾಕಿ ಓಡಿಹೋದ. ಬಟ್ಟೆ ಹರಿಯದೆ ಉಳಿಯಿತು.

ಆ ಥಾನನ್ನು ಅತ್ತೆ ಮಾರಲಿಲ್ಲ. ಸುತ್ತಿ, ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿ ಮೇಲಿನ ಗೂಡಿನಲ್ಲಿಟ್ಟರು. ಅಮಾವಾಸ್ಯೆಯ ದಿನ ಮಾವನಿಗೆ ಎಡೆ ಇಡುತ್ತಿದ್ದದ್ದೂ ಮನೆಯಲ್ಲಲ್ಲ, ಅಂಗಡಿಯಲ್ಲಿ, ಅವರು ಬಾಗಿದ ಗಾದಿಯ ಮುಂದೆ. ಬಾಗಿಲು ತೆಗೆದಾಗ ಚೊಂಬಿನ ನೀರು ಎರಡು ಬೆರಳಿನಷ್ಟು ಇಳಿದಿರುತ್ತಿತ್ತು. ಬೋರಲಾಗಿ ಇಟ್ಟ ವೀಳ್ಯದೆಲೆ ಅಂಗಾತವಾಗಿರುತ್ತಿತ್ತು. ನಾನೇ ಮೂರು ವರ್ಷ ನೋಡಿದ್ದೆ. ಮೊದಲ ವರ್ಷ ಹೆದರಿದೆ. ಆಮೇಲೆ ರೂಢಿಯಾಯಿತು. ಅತ್ತೆ ಆ ನೀರನ್ನು ನೋಡಿ, "ಬಂದಿದ್ರು" ಅಂದು, ಅವತ್ತು ಮಾತ್ರ ಹೊಟ್ಟೆ ತುಂಬ ಊಟ ಮಾಡುತ್ತಿದ್ದರು.

ಈಗ ಹೇಳಬೇಕಾದ್ದು ಯುದ್ಧದ ನಡುವಿನ ವರ್ಷದ್ದು. ಬಟ್ಟೆಗೆ ಕಂಟ್ರೋಲ್ ಬಂದಿತ್ತು, ಸರ್ಕಾರ ಎಣಿಸಿ ಕೊಟ್ಟಷ್ಟೇ ಮಾರಬೇಕು. ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಮೂಟೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತ ಕೆಮ್ಮುತ್ತ ಮಳವಳ್ಳಿಗೆ ಬರಬೇಕು. ಬಂದರೆ ಬಂತು. ಹಳ್ಳಿಗಳಲ್ಲಿ ಅತ್ತೆ ಸೊಸೆ ಒಂದೇ ಸೀರೆಯಲ್ಲಿ ಸರದಿಯ ಮೇಲೆ ಹೊರಗೆ ಬರುತ್ತಿದ್ದರು. ಅದು ಕಥೆಯಲ್ಲ, ನಾನು ಕಂಡದ್ದು.

ಆ ವರ್ಷ ರಂಜಾನ್ ಉಪವಾಸವೂ ಪಕ್ಷದ ಮೇಲೇ ಬಿದ್ದಿತ್ತು. ನಮ್ಮ ಅಮಾವಾಸ್ಯೆ ಕಳೆದು ಚಂದ್ರ ಕಂಡರೆ ಅವರಿಗೆ ಹಬ್ಬ. ಹಿಂದಿನ ವರ್ಷವೂ ಹಾಗೇ ಬಂದಿತ್ತು. ಆದರೆ ಆಗ ಅಂಗಡಿ ತುಂಬ ಬಟ್ಟೆಯಿತ್ತು, ಹುಣ್ಣಿಮೆಗೆ ಮುಂಚೆಯೇ ಸಾಬರ ಮನೆಯವರೆಲ್ಲ ಬಂದು ಕೊಂಡುಹೋಗಿದ್ದರು. ಈ ಸಲ ಹುಣ್ಣಿಮೆಯವರೆಗೆ ಗೂಡುಗಳು ಖಾಲಿ. ಮೂಟೆ ಬಂದದ್ದು ಗಜಕ್ಕೆ ದಾರ ಸುತ್ತಿದ ಮೂರನೇ ದಿನ. ಬಂದದ್ದೂ ಬರೀ ಪಂಚೆ, ಸೀರೆ. ಹರಿದು ಮಾರುವ ಬಟ್ಟೆ ಒಂದು ತುಂಡೂ ಇಲ್ಲ.

ನಮ್ಮ ಯಜಮಾನರು ಅವತ್ತು ಅತ್ತೆಯ ಜೊತೆ ವಾದಕ್ಕೆ ನಿಂತರು. "ಅವ್ವ, ಸತ್ತೋರು ಕಾಯ್ತಾರೆ ಕಣವ್ವ. ರಂಜಾನ್ ಚಂದ್ರ ಕಾಯಕ್ಕಿಲ್ಲ. ಈಗ ಕೊಡ್ನಿಲ್ಲ ಅಂದ್ರೆ ಕಿರುಗಾವಲಿನ ಸಾಬ್ರೆಲ್ಲ ನಮ್ಮನ್ ಬುಟ್ಟು ಮೈಸೂರ್ಗೆ ಓಯ್ತಾರೆ."

"ಓಗ್ಲಿ ಬುಡ್ಲಾ."

"ಗಿರಾಕಿ ಹಬ್ಬ ನೋಡ್ಕಂಡು ಯಾಪಾರ ಮಾಡ್ಬೇಕು ಕಣವ್ವ. ನಮ್ ಹಬ್ಬ ನೋಡ್ಕಂಡಲ್ಲ."

"ನಾನೂ ಅದ್ನೇ ಮಾಡ್ತಾ ಇರೋದು. ಈ ಹದಿನೈದ್ ದಿನ ಗಿರಾಕಿ ಯಾರು? ಸತ್ತೋರು. ಅವ್ರ ಹಬ್ಬ ಇದು."

"ಮದ್ದೂರ್ನಲ್ಲಿ ಪಕ್ಷದಲ್ಲೂ ಎಲ್ರಿಗೂ ಮಾರ್ತಾವ್ರೆ. ಯಾರೂ ಸತ್ತಿಲ್ಲ."

"ಅವ್ರ ಸತ್ತೋರು ಅವ್ರ ಮಾತ್ ಕೇಳ್ತಾರೇನೋ ಕಣ್ಲಾ. ನಿಮ್ಮಪ್ಪನೂ ಇಂಗೇ ವಾದ ಮಾಡಿದ್ದು. ಎಲ್ಲವ್ರೆ, ಕರಿ ನೋಡನ."

ಬಿಳಿ ದಾರದ ಗಜ ಮೊಳೆಯಲ್ಲಿ ತಾನಾಗಿ ಸ್ವಲ್ಪ ತಿರುಗಿತು. ಗಾಳಿ ಇರಬೇಕು.

ನಮ್ಮ ಬೀದಿಯ ತುದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವರ ಮನೆಯೊಂದಿತ್ತು. ಗಂಡ ಮೈಸೂರಿನ ಕಡೆ ಕೆಲಸಕ್ಕೆ ಹೋಗಿದ್ದ. ಹೆಂಡತಿಯೇ ಇದ್ದಿಲು ಹಾಕಿ ತಿದಿಯೊತ್ತುತ್ತಿದ್ದಳು. ನಮ್ಮಲ್ಲಿ ಎಲ್ಲರೂ ಬೂಬಮ್ಮ ಅನ್ನುತ್ತಿದ್ದರು. ಅವಳಿಗೆ ಒಂಬತ್ತು ವರ್ಷದ ಒಬ್ಬಳೇ ಮಗಳು. ಆ ಮಗು ಆ ವರ್ಷ ಮೊದಲ ಸಲ ತಿಂಗಳು ಪೂರ್ತಿ ಉಪವಾಸ ಹಿಡಿದಿತ್ತು. ಹಿಡಿದರೆ ಹೊಸ ಬಟ್ಟೆ ಹೊಲಿಸುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಳು. ಮಗುವಿಗೆ ಇದ್ದದ್ದು ಒಂದೇ ಜೊತೆ. ಅದನ್ನು ಒಗೆದ ದಿನ ಹುಡುಗಿ ಬಾಗಿಲ ಹಿಂದೆಯೇ ಇರುತ್ತಿದ್ದಳು. ಯಾರಾದರೂ ಪಾತ್ರೆ ತಂದರೆ ಸಂದಿಯಿಂದ ಒಂದು ಕೈ ಮಾತ್ರ ಹೊರಗೆ ಬಂದು ತೆಗೆದುಕೊಳ್ಳುತ್ತಿತ್ತು. ಹೊಸ ಬಟ್ಟೆ ಸಿಗದಿದ್ದರೆ ಹಬ್ಬದ ದಿನವೂ ಅಷ್ಟೇ, ಆ ಕೈ ಮಾತ್ರ.

ಬೂಬಮ್ಮ ಬಂದು ಹೊಸಿಲಾಚೆ ನಿಂತಳು. "ಅವ್ವಾರೆ, ಒಂದ್ ಸೀರೆನಾದ್ರೂ ಕೊಡಿ. ಹರ್ದು ಮಗೀಗೆ ಹೊಲಿಸ್ಕತೀನಿ."

"ಸತ್ತೋರ್ದು ಕಣೆ ಅದು."

"ನಿಮ್ ಸತ್ತೋರು ನಮ್ಗೇನ್ ಮಾಡಾರು ಬುಡಿ. ನಮ್ ಸತ್ತೋರೇ ನಮ್ ಕಡೆ ತಿರುಗ್ ನೋಡಕ್ಕಿಲ್ಲ."

ಅತ್ತೆಗೂ ನಗು ಬಂತು. ಆದರೆ ಕೊಡಲಿಲ್ಲ. "ಅಮಾಸೆ ಕಳ್ದು ಬಾ."

"ಅಮಾಸೆ ಕಳುದ್ರೆ ಚಂದ್ರ ಕಾಣ್ತಾನೆ. ದರ್ಜಿ ಆಗೆಲ್ಲಿ ಹೊಲ್ದಾನು?"

"ನಿನ್ ಮಗು ನನ್ನಿಂದ ಸಾಯಾದ್ ಬ್ಯಾಡ. ಓಗು."

ಅತ್ತೆ ಕೆಟ್ಟವರಾಗಿ ಹಾಗೆ ಹೇಳಿದ್ದಲ್ಲ. ಗಂಡನ ಹೆಣ ಹಲಗೆಯ ಮೇಲೆ ಬಾಗಿದ್ದನ್ನು ಕಂಡವರು. ಪಕ್ಷದಲ್ಲಿ ಬದುಕಿರುವವರಿಗೆ ಬಟ್ಟೆ ಹರಿದರೆ ಯಾರಾದರೂ ಒಬ್ಬರು ಹೋಗಲೇಬೇಕು ಎಂದು ಅವರ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು.

ಅಮಾವಾಸ್ಯೆಗೆ ಐದು ದಿನವಿದ್ದಾಗ ಅತ್ತೆ ಮಗನನ್ನು ಕರೆದುಕೊಂಡು ನೆಂಟರ ಊರಿಗೆ ಎಡೆಗೆ ಹೋದರು. ಅಂಗಡಿಯಲ್ಲಿ ನಾನೊಬ್ಬಳೇ. ನಡುಮಧ್ಯಾಹ್ನ ಬೂಬಮ್ಮ ಹಿತ್ತಲ ಬಾಗಿಲಿಗೆ ಬಂದು, "ಕಲಾಯಿ ಹಾಕೋ ಪಾತ್ರೆ ಅದಾ ತಾಯಿ?" ಅಂದಳು. ಪಾತ್ರೆಗಾಗಿ ಬಂದವಳಲ್ಲ. ನನಗೂ ಗೊತ್ತು, ಅವಳಿಗೂ ಗೊತ್ತು.

ಕನಿಕರದಿಂದ ಕೊಟ್ಟೆ ಅಂದರೆ ಸುಳ್ಳಾಗುತ್ತದೆ. ಮುಕ್ಕಾಲು ಪಾಲು, ಎಲ್ಲದಕ್ಕೂ ಕಟ್ಟಳೆ ಹೇಳುವ ಅತ್ತೆಯ ಮೇಲಿನ ಸಿಟ್ಟು. ಎಡೆಯ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿಕೊಡು, ಮಗುವಿಗೆ ನಾಲ್ಕು ಗಜ ಕೊಡುತ್ತೇನೆ ಅಂದೆ. ಕುರ್ತ, ಪೈಜಾಮ ಎರಡಕ್ಕೂ ಆಗುತ್ತದೆ ಅಂದಳು. ಪಂಚೆ ಸೀರೆಗಳಿಗೆ ಕಂಟ್ರೋಲಿನವರ ಎಣಿಕೆಯಿತ್ತು. ಎಣಿಕೆಯಿಲ್ಲದ್ದು ಅಂಗಡಿಯಲ್ಲಿ ಒಂದೇ, ಮೇಲಿನ ಗೂಡಿನ ಆ ಥಾನು.

ಏಣಿ ಹಾಕಿ ಇಳಿಸಿದೆ. ಕಟ್ಟು ಬಿಚ್ಚಿದೆ. ಐದು ವರ್ಷದ ಬಟ್ಟೆ, ಆದರೂ ಹೂವು ಮಾಸಿರಲಿಲ್ಲ. ಹಲಗೆಯ ಮೇಲೆ ಉರುಳಿಸುತ್ತ ಹೋದರೆ ಅಂಚಿನಲ್ಲಿ ಮಾವ ಹಾಕಿದ ಕಚ್ಚು ಕಂಡಿತು, ಬಾಯಿ ತೆರೆದ ಹಾಗೆ. ಅಲ್ಲಿಗೆ ಸರಿಯಾಗಿ ನಾಲ್ಕು ಗಜ. ಅಳೆಯುವುದೇ ಬೇಕಿರಲಿಲ್ಲ. ಆ ಕಚ್ಚಿನಲ್ಲಿ ಹಿಡಿದು ಹರಿದಿದ್ದರೆ ಮುಗಿಯುತ್ತಿತ್ತು.

ಕೈ ಹೋಗಲಿಲ್ಲ. ಬಟ್ಟೆಯ ಎರಡು ಬದಿಯಲ್ಲೂ ಬೆರಳು ಅದುಮಿದ ಹಾಗೆ ನೆರಿಗೆಯಿತ್ತು. ಅವರು ಹಿಡಿದೇ ಇದ್ದಾರೆ ಅನ್ನಿಸಿತು. ಕಚ್ಚಿನ ಈಚೆಗೇ ಹರಿಯೋಣ ಎಂದುಕೊಂಡೆ. ಗಜ ಮುಟ್ಟುವ ಹಾಗಿಲ್ಲ. ಮೊಳ ಹಾಕಿದೆ. ಎಂಟು ಮೊಳಕ್ಕೆ ನಾಲ್ಕು ಗಜ. ಮೊಳ ಅಂದರೆ ಮೊಣಕೈಯಿಂದ ಚಾಚಿದ ಬೆರಳ ತುದಿಯವರೆಗೆ. ನಾನು ಮುಷ್ಟಿ ಕಟ್ಟಿಕೊಂಡು ಅಳೆದೆ, ಸಂತೆಯ ಹೂವಿನವಳ ಹಾಗೆ. ಮೊಳಕ್ಕೆ ಒಂದು ಬೆರಳುದ್ದ ಹೊಡೆದೆ. ಎಂಟು ಮೊಳಕ್ಕೆ ಎಂಟು ಬೆರಳುದ್ದ, ಅಂದರೆ ಮೂರು ಗೇಣು. ಭಯಕ್ಕೆ ಕಚ್ಚಿನಿಂದ ದೂರ ನಿಂತೆ, ನಿಜ. ಥಾನು ತೆಳ್ಳಗಾದರೆ ಅತ್ತೆಗೆ ಗೊತ್ತಾಗುತ್ತದೆ ಅನ್ನುವ ಕಳ್ಳಬುದ್ಧಿಯೂ ಇತ್ತು. ಎರಡನ್ನೂ ಬರೆದಿದ್ದೇನೆ.

ಹರಿದೆ. ಅಂಚು ಓರೆಯಾಯಿತು. "ತಗಾ, ನಾಕ್ ಗಜ" ಅಂದೆ.

ಬೂಬಮ್ಮ ಸೆರಗಿನೊಳಗೆ ಅವುಚಿಕೊಂಡು ಹೋದಳು. ಥಾನು ಸುತ್ತಿ ಕಟ್ಟಿ ಮೇಲಿಟ್ಟೆ. ಅವತ್ತಿನಿಂದ ಅಂಗಡಿಯಲ್ಲಿ ಒಬ್ಬಳೇ ಇದ್ದಾಗ, ಹಲಗೆಯ ಆಚೆ ಗಿರಾಕಿ ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು. ತಲೆಯೆತ್ತಿದರೆ ಯಾರೂ ಇಲ್ಲ. ಮತ್ತೆ ಬಗ್ಗಿದರೆ ಅಲ್ಲೇ ಇರುವ ಹಾಗೆ. ಎರಡನೇ ದಿನ ಮೇಲಿನ ಗೂಡಿನ ಕೆಳಗೆ ಕೂರುವುದನ್ನು ಬಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಬೂಬಮ್ಮ ಪಾತ್ರೆ ತಂದಳು. ಕಲಾಯಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅತ್ತೆ ಒಲೆಯ ಮುಂದಿದ್ದರು. ಬೂಬಮ್ಮ ಹಿತ್ತಲಲ್ಲಿ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದಳು.

"ತೋಳ್ಗೆ ಸಾಲಕ್ಕಿಲ್ಲ ಅಂತಾನೆ ದರ್ಜಿ. ನಾಕ್ ಗಜ ಇಲ್ವಂತೆ ತಾಯಿ ಅದು."

"ನೀರ್ಗಾಕಿರ್ತೀಯ. ಹೊಸ್ ಬಟ್ಟೆ ಕುಗ್ತದೆ."

"ನೀರ್ ಮುಟ್ಸಿಲ್ಲ. ನಿನ್ ಮೊಳ ಒಸಿ ತೋರ್ಸು."

ಅವಳು ತನ್ನ ಮೊಣಕೈಯನ್ನು ನನ್ನ ಮೊಣಕೈಗೆ ಒತ್ತಿ, ಅಂಗೈಗೆ ಅಂಗೈ ಇಟ್ಟಳು. ಬೆರಳುಗಳು ಸಮ ಬಂದವು. ನನ್ನ ಮುಖ ನೋಡಿದಳು. ಬೈಯಲಿಲ್ಲ. "ತೋಳಿಲ್ದೆ ಹೊಲಿ ಅಂತೀನಿ ಬುಡು. ಮಗು ಒಳ್ಗೇ ಇರ್ತದೆ" ಅಂದು ಹೋದಳು. ತೋಳಿಲ್ಲದ ಕುರ್ತ ಹಾಕಿಸಿ ಮಗಳನ್ನು ಹಬ್ಬದ ದಿನ ಬೀದಿಗೆ ಬಿಡುವವಳಲ್ಲ ಅವಳು. ಅದು ನನಗೆ ಗೊತ್ತಿದ್ದೂ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಅಂಗಡಿಯಲ್ಲಿ ಎಡೆ ಇಟ್ಟೆವು. ರಾಗಿಮುದ್ದೆ, ಕೋಳಿ ಸಾರು, ಅನ್ನ, ಮಾವನ ನಸ್ಯದ ಡಬ್ಬಿ, ಬೋರಲಾಗಿಟ್ಟ ವೀಳ್ಯದೆಲೆ, ಹೊಸ ಕಲಾಯಿಯ ಚೊಂಬಿನಲ್ಲಿ ನೀರು. ಬೀದಿಯ ಕಡೆಯ ಹಲಗೆ ಬಾಗಿಲುಗಳನ್ನು ಯಜಮಾನರು ಒಳಗಿನಿಂದ ಜೋಡಿಸಿ ಅಗುಳಿ ಹಾಕಿದರು. ಮೂವರೂ ಮನೆಯ ಕಡೆಯ ಬಾಗಿಲಿನಿಂದ ಹೊರಗೆ ಬಂದೆವು. ಅತ್ತೆ ಚಿಲಕ ಹಾಕಿ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತು ಎಲೆಅಡಿಕೆ ಹಾಕಿಕೊಂಡರು. ಅದು ಜಗಿದು ಮುಗಿಯುವವರೆಗೆ ಕಾಯುವುದು ಲೆಕ್ಕ. ಅಂಗಡಿಗೆ ಕಿಟಕಿಯಿರಲಿಲ್ಲ. ಬೀದಿಯಲ್ಲಿ ಬಿಸಿಲು ಚೆಲ್ಲಿತ್ತು, ಒಂದು ನಾಯಿಯೂ ಓಡಾಡುತ್ತಿರಲಿಲ್ಲ.

ಅತ್ತೆ ಎರಡನೇ ಸಲ ಉಗುಳಲು ಎದ್ದಾಗ ಒಳಗೆ ಸದ್ದಾಯಿತು. ಬಟ್ಟೆ ಹರಿಯುವ ಸದ್ದು. ಪರ್ರ್ ಎಂದು, ತಡೆಯದೆ, ಅಂಚಿನಿಂದ ಅಂಚಿನವರೆಗೆ ಒಂದೇ ಉಸಿರಿಗೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆತ್ತಗೆ ದೊಪ್ ಎಂದಿತು, ಮಡಿಸಿದ ಬಟ್ಟೆಯನ್ನು ಗಿರಾಕಿಯ ಮುಂದೆ ಹಾಕಿದ ಹಾಗೆ.

ಯಜಮಾನರು ಬಾಗಿಲಿನ ಕಡೆ ತಿರುಗಿದರು. "ಇಲಿ" ಅಂದರು.

"ಆ ಸದ್ನ ಇಪ್ಪತ್ತೊರ್ಸ ಕೇಳಿವ್ನಿ ಕಣ್ಲಾ" ಅಂದರು ಅತ್ತೆ. "ಇಲಿ ಅಲ್ಲ."

ಅವರು ಅವಸರ ಮಾಡಲಿಲ್ಲ. ಬಾಯಿಯಲ್ಲಿದ್ದದ್ದನ್ನು ಪೂರ್ತಿ ಜಗಿದರು. ಬಾಯಿ ತೊಳೆದರು. ಕೆಮ್ಮಿದರು. ಮೂರು ಸಲ ಬಾಗಿಲು ತಟ್ಟಿ ಬೀಗ ತೆಗೆದರು.

ದೀಪ ನೆಟ್ಟಗೆ ಉರಿಯುತ್ತಿತ್ತು. ಬೀದಿ ಕಡೆಯ ಅಗುಳಿ ಹಾಕಿದ ಹಾಗೇ ಇತ್ತು. ಮೇಲಿನ ಗೂಡು ಖಾಲಿ. ಥಾನು ಹಲಗೆಯ ಮೇಲಿತ್ತು. ಕಟ್ಟಿದ್ದ ಬಿಳಿ ಬಟ್ಟೆ ಗಾದಿಯ ಮೇಲೆ. ಹಲಗೆಯ ಆಚೆ ತುದಿಯಲ್ಲಿ, ಗಿರಾಕಿ ನಿಲ್ಲುವ ಕಡೆ, ಚೀಟಿ ಬಟ್ಟೆಯ ಒಂದು ತುಂಡು ಎರಡು ಮಡಿಕೆಯಾಗಿ ಕೂತಿತ್ತು. ಅದರ ಒಂದು ಅಂಚು ಓರೆ. ಅದು ನಾನು ಹರಿದದ್ದು. ಇನ್ನೊಂದು ಅಂಚು ನೂಲು ಹಿಡಿದ ಹಾಗೆ ನೇರ.

ಥಾನು ಗೂಡಿನಿಂದ ಜಾರಿ ಬಿದ್ದು, ಕಚ್ಚು ಮೊಳೆಗೆ ಸಿಕ್ಕಿ ತಾನೇ ಹರಿದಿರಬೇಕು ಎಂದು ಯಜಮಾನರು ಆಮೇಲೆ ಎಷ್ಟೋ ವರ್ಷ ಹೇಳುತ್ತಿದ್ದರು. ಇರಬಹುದು. ಮಡಿಸಿದವರು ಯಾರು ಎಂದು ಕೇಳಿದರೆ ಎದ್ದು ಹೋಗುತ್ತಿದ್ದರು.

ನಾನು ಗಜದ ಕಡೆ ನೋಡಿದೆ. ಮೊಳೆಯಲ್ಲೇ ಇತ್ತು, ದಾರ ಬಿಚ್ಚಿರಲಿಲ್ಲ. ಮಾವನಿಗೆ ಗಜ ಯಾಕೆ ಬೇಕು. ಅಳೆದು ಐದು ವರ್ಷವಾಗಿತ್ತು.

ಅತ್ತೆ ತುಂಡನ್ನು ಬಿಡಿಸಿ ಗೇಣು ಹಾಕಿದರು. ಒಂದು, ಎರಡು, ಮೂರು. ಥಾನಿನ ತುದಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹದಿನೈದು ದಿನದಿಂದ ಎಲ್ಲರನ್ನೂ ಕೇಳಿದ್ದ ಅದೇ ಮಾತು ಕೇಳಿದರು.

"ಯಾರ್ಗೆ?"

"ಕಲಾಯಿಯೋರ ಮಗೀಗೆ ಅತ್ತೆ."

"ಎಷ್ಟು ಅಂದೆ?"

"ನಾಕ್ ಗಜ."

"ಕೊಟ್ಟಿದ್ದು?"

"ಮುಷ್ಟಿ ಕಟ್ಟಿ ಮೊಳ ಆಕ್ದೆ. ಮೂರ್ ಗೇಣು ಕಮ್ಮಿ."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆಯಲಿಲ್ಲ. ಆ ತುಂಡನ್ನು ಎದೆಗೆ ಒತ್ತಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ತುಂಬ ಹೊತ್ತು ನೇರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

"ಕಮ್ಮಿ ಅಳ್ದು ಗೊತ್ತಿಲ್ಲ ಅವ್ರ್ಗೆ" ಅಂದರು. "ಓಗಮ್ಮಿ, ಕೊಟ್ ಬಾ. ದರ್ಜಿ ಬಾಗ್ಲಾಕಕ್ ಮುಂಚೆ ಓಗು."

"ಪಕ್ಷ ಇನ್ನೂ ಕಳ್ದಿಲ್ವಲ್ಲವ್ವ" ಅಂದರು ಯಜಮಾನರು.

"ಸತ್ತೋರೇ ಹರ್ದು ಮಡಗವ್ರೆ. ನಾ ಯಾರ್ಲಾ ತಡ್ಯಕ್ಕೆ?"

ಉರಿಬಿಸಿಲಲ್ಲಿ ಬೀದಿಯ ತುದಿಗೆ ಹೋದೆ. ತುಂಡು ಕೈಯಲ್ಲಿ ತಣ್ಣಗಿತ್ತು. ಕಲಾಯಿಯವರ ಮನೆಯ ಬಾಗಿಲು ಮುಕ್ಕಾಲು ಮುಚ್ಚಿತ್ತು. ಕರೆದರೆ ಕತ್ತಲ ಸಂದಿಯಿಂದ ಆ ಸಣ್ಣ ಕೈ ಬಂತು. ಅದರ ಮೇಲೆ ಬಟ್ಟೆ ಇಟ್ಟೆ. ಕೈ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ತಾಯಿ ಹೊರಗೆ ಬಂದಳು.

"ಇದ್ಯಾರ್ ಹರ್ದಿದ್ದು? ನಿನ್ ಕೈ ಅಲ್ಲ ಇದು. ನಿಂದು ಓರೆ."

"ನಮ್ಮಾವ" ಅಂದೆ.

"ಅವ್ರು ಓಗಿ ವರ್ಸಗಟ್ಲೆ ಆಯ್ತಲ್ಲ."

"ಊಂ."

ಬೂಬಮ್ಮ ಬಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. ತಿರುಗಿಸಿ ಕೊಟ್ಟುಬಿಡುತ್ತಾಳೆ ಎಂದುಕೊಂಡೆ. ಕೊಡಲಿಲ್ಲ. "ನಿಮ್ ಅಂಗ್ಡೀಲಿ ನನ್ ಮದ್ವೆ ಬಟ್ಟೆ ಹರ್ದ್ ಕೊಟ್ಟಿದ್ದೂ ಅವ್ರೇ" ಅಂದಳು. "ಯಾವತ್ತೂ ನಾಕ್ ಬೆರಳು ಜಾಸ್ತಿನೇ ಬುಡೋರು." ತಲೆಯ ಮೇಲೆ ಸೆರಗು ಎಳೆದುಕೊಂಡು ದರ್ಜಿಯ ಮನೆಯ ಕಡೆ ಹೊರಟಳು.

ಅಲ್ಲಿಂದ ಎರಡನೇ ದಿನಕ್ಕೆ ಹಬ್ಬ. ಹುಡುಗಿ ಹೂವಿನ ಕುರ್ತ ಹಾಕಿಕೊಂಡು, ಮುಚ್ಚಿದ ತಟ್ಟೆಯಲ್ಲಿ ಶಾವಿಗೆ ತಂದು ಅಂಗಡಿಯ ಮುಂದೆ ನಿಂತಳು. ಉದ್ದ ತೋಳು, ಮಣಿಕಟ್ಟಿನವರೆಗೆ. ಬೆಳಕಿನಲ್ಲಿ ಪೂರ್ತಿ ಮಗುವನ್ನು ನಾನು ನೋಡಿದ್ದು ಎಷ್ಟು ದಿನಕ್ಕೋ. ಅತ್ತೆ ಅವಳನ್ನು ಒಳಗೆ ಕರೆದು, ತೋಳಿನ ಅಂಚು ಹಿಡಿದು ಒಂದು ಸಲ ಮೂಸಿದರು. ನಸ್ಯದ ವಾಸನೆ ಬಂತಂತೆ. ನನಗೆ ಬರಲಿಲ್ಲ. ಹುಡುಗಿಗೆ ಏನೂ ಆಗಲಿಲ್ಲ. ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ.

ಮರುವರ್ಷವೂ ರಂಜಾನ್ ಪಕ್ಷದ ಮೇಲೇ ಬಂತು. ಹುಣ್ಣಿಮೆಯ ಸಂಜೆ ಅತ್ತೆ ದಾರದ ಉಂಡೆ ತೆಗೆದುಕೊಂಡು ಗಜದ ಮುಂದೆ ನಿಂತರು. ನಿಂತು, ಉಂಡೆಯನ್ನು ಹಾಗೇ ಒಳಗಿಟ್ಟರು. ಎಡಗಡೆಯ ಗೂಡು ಸತ್ತವರಿಗೆ, ಬಲಗಡೆಯದು ಹಬ್ಬದವರಿಗೆ ಅಂದರು. ಯಜಮಾನರು ಕಿರುಗಾವಲಿಗೆ ಹೇಳಿ ಕಳುಹಿಸಿದರು. ಬೇಸಾಯದವರಲ್ಲಿ ಕೆಲವರು ಸತ್ತವರ ಜೊತೆ ಬದುಕಿರುವವರಿಗೂ ಒಂದೇ ಹಲಗೆಯ ಮೇಲೆ ಮಾರುತ್ತಾರೆ ಎಂದು ಮುನಿಸಿಕೊಂಡು ಬೇರೆ ಅಂಗಡಿ ಹಿಡಿದರು. ಅತ್ತೆ ಅವರನ್ನು ಕರೆಯಲಿಲ್ಲ.

ಅಮಾವಾಸ್ಯೆಯ ದಿನ ಎಡೆ ಇಟ್ಟು ಬಾಗಿಲು ಹಾಕಿದೆವು. ಅತ್ತೆ ಒಂದು ಸಲ ಎಲೆಅಡಿಕೆ ಮುಗಿಸಿದರು. ಇನ್ನೊಂದು ಸಲ ಹಾಕಿಕೊಂಡರು. ಬಾಗಿಲಿಗೆ ಬೆನ್ನು ಮಾಡಬೇಕಾದವರು ಕಿವಿ ಇಟ್ಟು ಕೂತಿದ್ದರು. ಒಳಗೆ ಏನೂ ಇಲ್ಲ. ತೆಗೆದು ನೋಡಿದರೆ ಚೊಂಬಿನ ನೀರು ಕಂಠದವರೆಗೆ ಇತ್ತು. ವೀಳ್ಯದೆಲೆ ಬೋರಲಾಗಿಯೇ ಇತ್ತು.

"ಬರ್ನಿಲ್ಲ" ಅಂದರು ಅತ್ತೆ.

ಯಜಮಾನರು ಉಸಿರು ಬಿಟ್ಟರು. ಅತ್ತೆ ಬಿಡಲಿಲ್ಲ. ಚೊಂಬನ್ನು ಎತ್ತಿ, ಬೆಳಕಿಗೆ ಹಿಡಿದು, ಮತ್ತೆ ನೋಡಿದರು. "ಅರ್ಧಕ್ ನಿಂತಿದ್ ಕೆಲ್ಸ ಮುಗೀತು. ಇನ್ಯಾಕ್ ಬಂದಾರು" ಅಂದು ನೀರನ್ನು ಹಿತ್ತಲಿಗೆ ಚೆಲ್ಲಿದರು. ಅವತ್ತು ಅವರು ಊಟ ಮಾಡಲಿಲ್ಲ. ಮುಂದೆ ಬದುಕಿದ್ದಷ್ಟು ವರ್ಷವೂ ಆ ನೀರು ಇಳಿಯಲಿಲ್ಲ.

ಹೊರಗೆ ಹಲಗೆ ಬಾಗಿಲನ್ನು ಯಾರೋ ತಟ್ಟುತ್ತಿದ್ದರು. "ತೆಗಿಲಾ, ಗಿರಾಕಿ ಕಾಯ್ತಾವ್ರೆ" ಅಂದರು ಮಗನಿಗೆ. ಹಲಗೆ ಸರಿದು ಬಿಸಿಲು ಒಳಗೆ ಬಿತ್ತು. ಬೂಬಮ್ಮ ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಒಂದು ವರ್ಷದಲ್ಲಿ ಗೇಣುದ್ದ ಬೆಳೆದು, ಕುರ್ತದ ತೋಳು ಮಣಿಕಟ್ಟಿನಿಂದ ಮೇಲಕ್ಕೆ ಹೋಗಿತ್ತು.

"ಯಾರ್ಗೆ?" ಅಂದರು ಅತ್ತೆ.

"ಬದುಕಿರೋಳ್ಗೆ ಕಣವ್ವಾರೆ" ಅಂದು ನಕ್ಕಳು ಬೂಬಮ್ಮ. "ನಾಕ್ ಗಜ. ನಿಮ್ ಸೊಸೆ ಕೈಲಿ ಬ್ಯಾಡ."

ಅತ್ತೆ ನಗಲಿಲ್ಲ. ಗಾದಿಯ ಮೇಲೆ, ಮಾವ ಕೂತಿದ್ದ ಜಾಗದಲ್ಲೇ ಕೂತು, ಮೇಲಿನ ಗೂಡಿನ ಥಾನನ್ನು ತರಿಸಿ ಹಲಗೆಯ ಮೇಲೆ ಉರುಳಿಸಿದರು. ಗಜ ಹಿಡಿದರು. ಲಾಭ. ಎರಡು. ಮೂರು. ನಾಕು ಅನ್ನುವ ಮುಂಚೆ ಒಂದು ಸಲ ತಡೆದು, ಯಾರಾದರೂ ಹೇಳುತ್ತಾರೇನೋ ಎಂದು ಪಕ್ಕಕ್ಕೆ ನೋಡಿದರು. ಆಮೇಲೆ ತಾವೇ ಹೇಳಿ, ಕಚ್ಚು ಹಾಕಿ, ಹರಿದರು.